ಮೂಗಿನ ಮದ್ದು ಮತ್ತು ದಾವಣಗೆರೆ ದಾರಿ

ನಾನು ಬಸ್ ಡ್ರೈವರ್. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಖಾಸಗಿ ಬಸ್ಸೊಂದನ್ನು ಹದಿನಾರು ವರ್ಷದಿಂದ ಓಡಿಸುತ್ತಿದ್ದೇನೆ. ಬರೆಯುವುದು ನನ್ನ ಕಸುಬಲ್ಲ. ಆದರೆ ಹೋದ ತಿಂಗಳು ಲಾರಿ ಓಡಿಸುವ ಗೆಳೆಯನೊಬ್ಬ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ, ಪಕ್ಕದವರಿಗೆ ಕೇಳಿಸದ ಹಾಗೆ, "ಆ ಮೂಗಿನ ಔಷಧಿ ನೋವಾಗ್ತೈತೇನಲೇ?" ಎಂದು ಕೇಳಿದ. ಯಾರಿಗೆ ಬೇಕಾಗಿತ್ತು ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ನೋವಾಗುವುದಿಲ್ಲ ಎಂದಷ್ಟೇ ಹೇಳಿದೆ. ಮನೆಗೆ ಬಂದ ಮೇಲೆ ಅಷ್ಟು ಹೇಳಿದ್ದು ಸಾಲದು ಅನ್ನಿಸಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಕಾಯಿಲೆ ಯಾವಾಗ ಶುರುವಾಯಿತು ಎಂದರೆ ಹೇಳಲಾರೆ. ಜ್ವರದ ಹಾಗೆ ಒಂದು ದಿನ ಬಂದು ಹಿಡಿದದ್ದಲ್ಲ ಅದು. ಮೊದಲು ನಿದ್ದೆ ಕೆಟ್ಟಿತು. ಆಮೇಲೆ ಊಟ ಸಪ್ಪೆಯಾಯಿತು. ನನ್ನ ಹೆಂಡತಿ ರತ್ನ ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳಂತೆ. ನಾನು ತುಟಿ ಬಿಚ್ಚದೆ ಉಂಡೆದ್ದೆನಂತೆ. ಮಗಳು ಕಾವ್ಯ ಆಗ ನಾಲ್ಕನೇ ಕ್ಲಾಸು. ಶಾಲೆಯಿಂದ ಬಂದವಳು ನನ್ನ ಮುಂದೆ ಕೂತು ಏನೇನೋ ಹೇಳುತ್ತಿದ್ದಳು. ಅವಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ನನ್ನವರೆಗೆ ಬರುತ್ತಿರಲಿಲ್ಲ. ಸ್ನಾನಕ್ಕೆ ಹೋದವನು ಚೊಂಬು ಹಿಡಿದುಕೊಂಡು ನೀರು ಆರುವ ತನಕ ಕೂತಿರುತ್ತಿದ್ದೆ. ಎತ್ತಿ ಮೈಮೇಲೆ ಹುಯ್ದುಕೊಳ್ಳಬೇಕು, ಅಷ್ಟೇ. ಅಷ್ಟು ಮಾಡಲು ಆಗುತ್ತಿರಲಿಲ್ಲ.

"ಏನಾಗೈತೆ ಹೇಳ್ರಿ" ಎಂದು ರತ್ನ ಕೇಳುತ್ತಿದ್ದಳು. "ಏನಿಲ್ಲ" ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ಮನೆಯಲ್ಲಿ ಜಗಳವಿರಲಿಲ್ಲ, ಯಾರೂ ಸತ್ತಿರಲಿಲ್ಲ, ಕೆಲಸ ಚೆನ್ನಾಗಿಯೇ ನಡೆದಿತ್ತು. ಅಳುವುದಕ್ಕೆ ಒಂದು ಕಾರಣವಾದರೂ ಇದ್ದಿದ್ದರೆ ಹೇಳಿಕೊಳ್ಳಬಹುದಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನನ್ನ ಅವ್ವ ನನ್ನಿವಾಳದಲ್ಲಿ ಅಣ್ಣನ ಜೊತೆ ಇದ್ದಾಳೆ. ಕುರಿ ಮೇಯಿಸಿಯೇ ನಮ್ಮನ್ನು ಸಾಕಿದವಳು. ಸುದ್ದಿ ತಿಳಿದು ಬಂದವಳು ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. "ಕುರಿ ಮೇವು ಬಿಟ್ರೆ ನಾವು ಬಾಯಿ ಬಿಚ್ಚಿ ನೋಡ್ತೀವಿ. ನಿಂದು ಏನು ಬಿಚ್ಚಿ ನೋಡಾದು ಯಪ್ಪಾ?" ಎಂದಳು. ಮಾರನೆಯ ದಿನವೇ ಗೌರಸಮುದ್ರದ ಮಾರಮ್ಮನ ಹತ್ತಿರ ಕರೆದುಕೊಂಡು ಹೋದಳು. ನಾನು ಹೋದೆ, ಕೈ ಮುಗಿದೆ. ಅವ್ವ ದೇವಿಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದನ್ನು ನೋಡಿ, ಇವಳ ಸಲುವಾಗಿಯಾದರೂ ಸರಿಹೋಗಬೇಕು ಎಂದುಕೊಂಡೆ. ಅಂದುಕೊಂಡದ್ದು ಮನಸ್ಸಿನೊಳಗೆ ಇಳಿಯಲಿಲ್ಲ.

ಡಾಕ್ಟರ ಹತ್ತಿರ ಎಳೆದುಕೊಂಡು ಹೋದವನು ನೂರುಲ್ಲಾ. ಅವನು ನನ್ನ ಬಸ್ಸಿನ ಕಂಡಕ್ಟರ್. ಚಳ್ಳಕೆರೆಯವನೇ. ಒಂಬತ್ತು ವರ್ಷದಿಂದ ಒಂದೇ ಬಸ್ಸಿನಲ್ಲಿ ಇದ್ದೇವೆ. ಹೆಂಡತಿಗಿಂತ ಹೆಚ್ಚು ಹೊತ್ತು ನನ್ನ ಮುಖ ನೋಡಿದವನು ಅವನು. "ಚಲ್, ದಾವಣಗೆರೆಗೆ ಹೋಗಾನ. ನಮ್ಮ ಭಾಬಿಗೂ ಅಲ್ಲೇ ತೋರ್ಸಿದ್ದು, ಈಗ ಎಂಗವ್ಳೆ ನೋಡು" ಎಂದ. ಅವನ ಅಣ್ಣನ ಹೆಂಡತಿಗೆ ಹೆರಿಗೆಯ ನಂತರ ಹೀಗೇ ಆಗಿತ್ತು ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ದಾವಣಗೆರೆಯ ಆ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗದ ಮುಂದೆ ಉದ್ದನೆಯ ಬೆಂಚು. ಬೆಂಚಿನ ಆ ತುದಿಯಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ನೋಡಿ ಅಲ್ಲೇ ನಿಂತುಬಿಟ್ಟೆ. ನಮ್ಮೂರಿನ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವವರು, ನನ್ನ ಬಸ್ಸಿನಲ್ಲಿ ದಿನಾ ಓಡಾಡುವವರು. ಅವರೂ ನನ್ನನ್ನು ನೋಡಿದರು. "ಹಲ್ಲು ನೋವು, ಅದಕ್ಕೇ ಬಂದೆ" ಎಂದೆ ನಾನು. "ನಂದೂ ಹಲ್ಲೇ ಕಣಯ್ಯ" ಎಂದರು ಅವರು. ಇಬ್ಬರೂ ಅದೇ ಬೆಂಚಿನ ಮೇಲೆ, ಅದೇ ಬಾಗಿಲು ನೋಡುತ್ತ, ಒಂದೂವರೆ ಗಂಟೆ ಕೂತಿದ್ದೆವು. ಹಲ್ಲಿನ ಡಾಕ್ಟರು ಇದ್ದದ್ದು ಎದುರಿನ ಕಟ್ಟಡದಲ್ಲಿ.

ಒಳಗೆ ಇದ್ದವರು ಐವತ್ತರ ಆಸುಪಾಸಿನ ಡಾಕ್ಟರಮ್ಮ. ಬಹಳ ಹೊತ್ತು ಕೇಳಿದರು. "ಇದು ಖಿನ್ನತೆ. ಸೋಮಾರಿತನ ಅಲ್ಲ, ಮನಸ್ಸು ಗಟ್ಟಿ ಇಲ್ಲದ್ದೂ ಅಲ್ಲ. ಕಾಯಿಲೆ" ಎಂದರು. ಆ ಮಾತು ಕೇಳಿ ನೂರುಲ್ಲಾ ನನ್ನ ಬೆನ್ನು ತಟ್ಟಿದ. ಏನು ಕೆಲಸ ಎಂದು ಅವರು ಕೇಳಿದಾಗ ನಾನು "ಬಸ್ಸಿನ ಕೆಲಸ" ಎಂದೆ. ಮಾತ್ರೆಯಿಂದ ಮಂಪರು ಬರಬಹುದು, ಗಾಡಿ ಓಡಿಸಬೇಡಿ ಎಂದರು. ತಲೆಯಾಡಿಸಿದೆ. ನೂರುಲ್ಲಾ ನನ್ನ ಕಡೆ ತಿರುಗಿದ. ನಾನು ಅವನ ಕಡೆ ನೋಡಲಿಲ್ಲ. ಹೊರಗೆ ಬಂದ ಮೇಲೆ, "ಹೇಳಿದ್ರೆ ನನ್ನ ಕೆಲಸ ಹೋಗ್ತೈತೆ. ಬಾಯಿ ಮುಚ್ಕೊಂಡಿರು" ಎಂದೆ. ಈ ಕಥೆಯಲ್ಲಿ ನಾನು ಮಾಡಿದ ತಪ್ಪು ಯಾವುದು ಎಂದು ಕೇಳಿದರೆ ಅದು ಇದು.

ಮೊದಲ ಮಾತ್ರೆ ಎರಡು ತಿಂಗಳಾದರೂ ಹತ್ತಲಿಲ್ಲ. ಪ್ರಮಾಣ ಹೆಚ್ಚಿಸಿದರು. ಆಮೇಲೆ ಬದಲಾಯಿಸಿದರು. ಎರಡನೆಯದಕ್ಕೆ ಬಾಯಿ ಒಣಗಿತು, ಕೈ ನಡುಗಿತು, ಮನಸ್ಸು ಇದ್ದಲ್ಲೇ ಇತ್ತು. ಅದರ ಜೊತೆಗೆ ಇನ್ನೊಂದು ಸೇರಿಸಿದರು. ಪ್ರತಿ ಸಲವೂ ರತ್ನ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಗುರುತು ಹಾಕಿ, "ಅಷ್ಟೊತ್ತಿಗೆ ಸರಿಹೋಗ್ತೈತಂತೆ" ಎನ್ನುತ್ತಿದ್ದಳು. ಆ ದಿನ ಬರುತ್ತಿತ್ತು, ಹೋಗುತ್ತಿತ್ತು. ಎಲ್ಲರಿಗೂ ನಾಟುವ ಮದ್ದು ನನಗೆ ನಾಟದಿದ್ದರೆ ಕೆಟ್ಟಿರುವುದು ನಾನೇ ಎಂದು ತೀರ್ಮಾನಿಸಿಬಿಟ್ಟೆ. ಬಸ್ಸು ಮಾತ್ರ ಓಡಿಸುತ್ತಲೇ ಇದ್ದೆ. ರಾತ್ರಿ ನುಂಗಬೇಕಾದ ಮಾತ್ರೆ ಬೆಳಿಗ್ಗೆಗೆ ಮಂಪರು ತರದಿರಲಿ ಎಂದು ಕೆಲವು ದಿನ ಬಿಟ್ಟೂ ಇದ್ದೆ. ಅದನ್ನೂ ಡಾಕ್ಟರಿಗೆ ಹೇಳಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ. ಮೊಳಕಾಲ್ಮೂರಿನಿಂದ ವಾಪಸು ಬರುತ್ತಿದ್ದೆ. ಹಿರೇಹಳ್ಳಿ ದಾಟಿದ ಮೇಲೆ ರಸ್ತೆ ನೇರವಾಗಿದೆ, ಗಾಡಿ ತಾನಾಗಿ ಹೋಗುತ್ತದೆ. ಎದುರಿನಿಂದ ಲಾರಿಯೊಂದು ಬರುತ್ತಿತ್ತು. ಕೈ ಸಡಿಲ ಬಿಟ್ಟರೆ ಎಲ್ಲ ಮುಗಿಯುತ್ತದೆ ಎಂಬ ಯೋಚನೆ ಬಂತು. ಅದು ನನ್ನನ್ನು ಹೆದರಿಸಲಿಲ್ಲ. ಹೆದರಿಸಲಿಲ್ಲವಲ್ಲ ಎನ್ನುವುದು ಮರುಕ್ಷಣ ತಲೆಗೆ ಹೊಳೆದಾಗ ಮಾತ್ರ ಬೆನ್ನಿನ ಮೇಲೆ ನೀರು ಹರಿಯಿತು. ಲಾರಿ ದಾಟಿ ಹೋಯಿತು. ಕನ್ನಡಿಯಲ್ಲಿ ನೋಡಿದೆ. ಮೂರನೇ ಸೀಟಿನಲ್ಲಿ ಹೆಂಗಸೊಬ್ಬಳು ಕಿತ್ತಳೆ ಸುಲಿದು ಮಗುವಿನ ಬಾಯಿಗೆ ಇಡುತ್ತಿದ್ದಳು. ಹಿಂದೆ ಕಾಲೇಜಿನ ಹುಡುಗಿಯರು ಯಾವುದಕ್ಕೋ ನಗುತ್ತಿದ್ದರು.

ಬಸ್ಸನ್ನು ಎಡಕ್ಕೆ ತೆಗೆದು ನಿಲ್ಲಿಸಿದೆ. ಎಂಜಿನ್ ಬಂದ್ ಮಾಡಿ ಕೀಲಿ ಕಿತ್ತು ನೂರುಲ್ಲಾನ ಕೈಗೆ ಕೊಟ್ಟೆ. "ಏನಾಯ್ತಲೇ?" ಎಂದ. "ನನ್ನ ಕೈಗೆ ಬಸ್ ಕೊಡಬ್ಯಾಡ" ಎಂದೆ. ಅವನು ನನ್ನ ಮುಖ ಒಂದು ಗಳಿಗೆ ನೋಡಿದ. ಆಮೇಲೆ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿ ಹಿಂದಕ್ಕೆ ತಿರುಗಿ, "ಕ್ಲಚ್ ಹೋಗೈತೆ ಸಾರ್, ಎಲ್ಲಾರೂ ಇಳೀರಿ. ಹಿಂದಿನ ಬಸ್ಸಿಗೆ ಹತ್ತಿಸ್ತೀನಿ. ಅಮ್ಮಾ, ಮಗೀನ ಹಿಡ್ಕೊಂಡು ಇಳೀರಿ" ಎಂದು ಎಂದಿನ ದನಿಯಲ್ಲೇ ಹೇಳಿದ. ಯಾರೋ ಗೊಣಗಿದರು, ಯಾರೋ ಗಾಡಿಯನ್ನು ಬೈದರು. ನನ್ನ ಮೇಲೆ ಒಬ್ಬರ ಕಣ್ಣೂ ಬೀಳದ ಹಾಗೆ ಅವನು ನೋಡಿಕೊಂಡ.

ಎಲ್ಲರೂ ಹೋದ ಮೇಲೆ ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತ. ಬಾಟಲಿ ನೀರು ಕೊಟ್ಟ. ನಾನೇ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನಿಲ್ಸಿದೆಯಲ್ಲ, ಬಸ್. ಇನ್ನು ಮುಂದೆ ನಾವ್ ನೋಡ್ಕೊಂತೀವಿ" ಎಂದು ರತ್ನಳಿಗೆ ಫೋನು ಮಾಡಿದ. ಬಸ್ಸು ಒಯ್ಯಲು ಬೇರೆ ಡ್ರೈವರನ್ನು ಕರೆಸಿ, ಅವತ್ತು ಸಂಜೆಯೇ ಮೂವರೂ ದಾವಣಗೆರೆಗೆ ಹೊರಟೆವು. ದಾರಿಯುದ್ದಕ್ಕೂ ಇಬ್ಬರ ನಡುವೆ ನನ್ನನ್ನು ಕೂರಿಸಿಕೊಂಡಿದ್ದರು.

ಡಾಕ್ಟರಮ್ಮನ ಮುಂದೆ ಎಲ್ಲ ಒಪ್ಪಿಕೊಂಡೆ. ಬಸ್ಸಿನ ಕೆಲಸ ಎಂದಿದ್ದೆನಲ್ಲ, ನಾನು ಡ್ರೈವರ್. ಮಾತ್ರೆ ಬಿಟ್ಟದ್ದೂ ಉಂಟು. ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. "ಇವತ್ತು ಹೇಳಿದ್ರಲ್ಲ, ಅದು ದೊಡ್ಡದು. ಇಂಥ ಯೋಚನೆ ಬಂದಾಗ ಹೀಗೇ ಯಾರಿಗಾದರೂ ತಕ್ಷಣ ಹೇಳಬೇಕು" ಎಂದರು. ವಾರ್ಡಿಗೆ ಸೇರಿಸಿಕೊಂಡರು. ಒಂದು ವಾರ ತಪ್ಪದೆ ಮಾತ್ರೆ ಕೊಟ್ಟು, ಹಿಂದಿನ ಚೀಟಿಗಳನ್ನೆಲ್ಲ ಮತ್ತೆ ನೋಡಿದರು. ಬಿಟ್ಟ ದಿನಗಳನ್ನು ಕಳೆದರೂ ಮೊದಲಿನ ಎರಡು ಔಷಧಿಗಳಿಗೆ ಸಾಕಷ್ಟು ಕಾಲ ಕೊಟ್ಟಿದ್ದೇವೆ, ಕೆಲವರ ಖಿನ್ನತೆ ಹೀಗೆ ಮಾತ್ರೆಗೆ ಜಗ್ಗುವುದಿಲ್ಲ ಎಂದು ರತ್ನಳಿಗೂ ನನಗೂ ಬಿಡಿಸಿ ಹೇಳಿದರು. ಎರಡು ದಾರಿ ಇದ್ದವು. ಒಂದು, ಅರಿವಳಿಕೆ ಕೊಟ್ಟು ತಲೆಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ. ಇನ್ನೊಂದು, ಹೊಸದಾಗಿ ಬಂದಿರುವ, ಮೂಗಿಗೆ ಸಿಂಪಡಿಸುವ ಔಷಧ. ಅದು ಹತ್ತಿದರೆ ಬೇಗ ಹತ್ತುತ್ತದೆ. ಎಲ್ಲರಿಗೂ ಹತ್ತುತ್ತದೆ ಎಂದು ಮಾತು ಕೊಡಲಾರೆ ಎಂದರು. ಮಾತು ಕೊಡದೆ ಇದ್ದದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ನೋಡಲು ಬಂದಿದ್ದ ಅವ್ವ ಕರೆಂಟಿನ ಮಾತು ಕೇಳಿ ಬಿಳಿಚಿಕೊಂಡಿದ್ದಳು. ಅದು ನೀವು ಅಂದುಕೊಂಡಷ್ಟು ಭಯದ್ದಲ್ಲ ಎಂದು ಡಾಕ್ಟರಮ್ಮ ಹೇಳಿದರೂ ಅವಳು ತಗ್ಗಿಸಿದ ತಲೆ ಎತ್ತಲಿಲ್ಲ. ಮೂಗಿನ ಮದ್ದು ಎಂದಾಗ ಮಾತ್ರ ಮುಖ ಎತ್ತಿದಳು. ಅವಳು ನಶ್ಯ ಏರಿಸುವವಳು, ಸೊಂಟದಲ್ಲಿ ಸದಾ ಡಬ್ಬಿ ಇರುತ್ತದೆ. "ಮೂಗಿಗೆ ಹಾಕಾದಾ? ಅಷ್ಟಕ್ಕೆ ದಾವಣಗೆರೆ ತಂಕ ಬರಬೇಕಾ? ನಾನು ನಲವತ್ತು ವರ್ಷದಿಂದ ಹಾಕ್ಕೊಂತಾ ಇದೀನಿ, ನನಗೇನೂ ಆಗಿಲ್ಲ" ಎಂದಳು. ಡಾಕ್ಟರಮ್ಮ ಜೋರಾಗಿ ನಕ್ಕರು. ರತ್ನ ಸೆರಗು ಬಾಯಿಗೆ ಹಿಡಿದುಕೊಂಡಳು. ನನಗೆ ನಗು ಬರಲಿಲ್ಲ, ಆದರೆ ಇದು ನಗುವ ಮಾತು ಎಂದು ತಿಳಿಯಿತು. ತುಂಬಾ ದಿನದಿಂದ ಅದೂ ತಿಳಿಯುತ್ತಿರಲಿಲ್ಲ.

ಅದು ಅಗ್ಗದ ಔಷಧವಲ್ಲ. ಆ ಚಿಂತೆ ನನ್ನ ಕಿವಿಗೆ ಬೀಳದಂತೆ ರತ್ನ ನೋಡಿಕೊಂಡಳು. ಇವತ್ತಿಗೂ ಕೇಳಿದರೆ "ನಿಮಗ್ಯಾಕೆ" ಎನ್ನುತ್ತಾಳೆ.

ಮೊದಲ ದಿನ. ಎರಡು ಗಂಟೆ ಮೊದಲಿನಿಂದ ಊಟವಿಲ್ಲ, ಕೊನೆಯ ಅರ್ಧ ಗಂಟೆ ನೀರೂ ಇಲ್ಲ. ಒರಗುವ ಕುರ್ಚಿ ಇರುವ ಸಣ್ಣ ಕೋಣೆ. ಕಿಟಕಿಗೆ ಹಸಿರು ಪರದೆ. ಸಿಸ್ಟರ್ ಬಿ.ಪಿ. ನೋಡಿದರು. ಬೆರಳುದ್ದದ ಬಿಳಿ ಸಾಧನ ಕೈಗೆ ಕೊಟ್ಟು, "ನೀವೇ ಹಾಕ್ಕೋಬೇಕು, ನಾನು ಹೇಳ್ತೀನಿ" ಎಂದರು. ಒಂದು ಹೊಳ್ಳೆಗೆ ಒಂದು ಸಲ, ಇನ್ನೊಂದಕ್ಕೆ ಒಂದು ಸಲ. ಐದು ನಿಮಿಷ ಬಿಟ್ಟು ಮತ್ತೊಂದು ಸಾಧನ. ನೋವಿಲ್ಲ. ಗಂಟಲಿಗೆ ಇಳಿದಾಗ ಕಹಿ, ಅಷ್ಟೇ.

"ಇವತ್ತು ಗಾಡಿ ಓಡಿಸಬಾರದು. ರಾತ್ರಿ ಚೆನ್ನಾಗಿ ನಿದ್ದೆ ಆಗಿ, ನಾಳೆ ತನಕ" ಎಂದರು ಸಿಸ್ಟರ್. ಎಲ್ಲರಿಗೂ ಹೇಳುವ ಮಾತು ಅದು.

"ನಾನು ಇನ್ಯಾವತ್ತೂ ಓಡಿಸಲ್ಲ ಬಿಡ್ರಿ" ಎಂದೆ.

"ನಾನು ಇವತ್ತಿಂದು ಹೇಳಿದೆ. ಮುಂದಿಂದು ಹೇಳಿಲ್ಲ" ಎಂದು ಅವರು ಬಿ.ಪಿ. ಪಟ್ಟಿಯನ್ನು ಸುತ್ತಿಟ್ಟರು.

ಹತ್ತು ಹದಿನೈದು ನಿಮಿಷಕ್ಕೆ ಕೋಣೆ ದೂರ ಸರಿಯಿತು. ನನ್ನ ಕೈ ನನ್ನದೇ, ಆದರೆ ಎಲ್ಲೋ ಆಚೆ ಮನೆಯಲ್ಲಿ ಇಟ್ಟಿದ್ದಾರೆ ಅನ್ನಿಸಿತು. ಫ್ಯಾನಿನ ಸದ್ದು ದಪ್ಪವಾಯಿತು. ಕುರ್ಚಿ ತೇಲುತ್ತಿತ್ತು. ಹೀಗಾಗಬಹುದು ಎಂದು ಮೊದಲೇ ಹೇಳಿದ್ದರೂ ಹೆದರಿಕೆಯಾಯಿತು. ತಲೆ ಪೂರ್ತಿ ಕೆಟ್ಟಿತು, ಇನ್ನು ವಾಪಸು ಬರುವುದಿಲ್ಲ ಅಂದುಕೊಂಡೆ. "ಎಲ್ಲಿದೀರಿ, ಹೇಳಿ" ಎಂದು ಸಿಸ್ಟರ್ ಕೇಳಿದರು. "ಬಸ್ಸಲ್ಲಿ" ಎಂದೆನಂತೆ. "ಯಾರು ಓಡಿಸ್ತಿದಾರೆ?" "ಗೊತ್ತಿಲ್ಲ." "ಸರಿ, ನೀವು ಸುಮ್ಮನೆ ಕೂತ್ಕೊಳ್ಳಿ. ನಾನಿದೀನಿ." ಆ ದನಿಯನ್ನು ಹಿಡಿದುಕೊಂಡು ಕೂತೆ. ಮುಕ್ಕಾಲು ಗಂಟೆಗೆ ಕೈ ಮತ್ತೆ ನನ್ನ ತೋಳಿಗೆ ಬಂದು ಸೇರಿತು. ಎರಡು ಗಂಟೆ ಮುಗಿದ ಮೇಲೆ, ಬಿ.ಪಿ. ಇಳಿದಿದೆ ಎಂದು ನೋಡಿಯೇ ಕುರ್ಚಿಯಿಂದ ಏಳಲು ಬಿಟ್ಟರು.

ಬೇಗ ಹತ್ತುತ್ತದೆ ಎಂದಿದ್ದರಲ್ಲ. ಅವತ್ತು ಸಂಜೆಯೆಲ್ಲ ಕಾದೆ. ಏನೂ ಆಗಲಿಲ್ಲ. ಮಾರನೆಯ ದಿನವೂ ಇಲ್ಲ. ರತ್ನ ನನ್ನನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಹೆದರಿ ಗೋಡೆಯ ಕಡೆ ತಿರುಗಿ ಮಲಗಿದೆ. ಎರಡನೆಯ ಸಲವೂ ಅಷ್ಟೇ. ಅಷ್ಟರಲ್ಲಿ ಆ ಕೆಟ್ಟ ಯೋಚನೆಯ ಜೋರು ತಗ್ಗಿದೆ ಎಂದು ಡಾಕ್ಟರಮ್ಮನಿಗೆ ಖಾತ್ರಿಯಾಗಿ, ಮನೆಗೆ ಹೋಗಿ ವಾರಕ್ಕೆರಡು ಸಲ ಬನ್ನಿ, ಒಬ್ಬರೇ ಇರಬೇಡಿ ಎಂದು ಕಳಿಸಿಕೊಟ್ಟರು.

ಮೂರನೆಯ ಸಲ ಮುಗಿಸಿಕೊಂಡು ದಾವಣಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಕಿಟಕಿಯ ಪಕ್ಕ ನಾನು, ಈ ಕಡೆ ರತ್ನ. ಚಿತ್ರದುರ್ಗ ದಾಟಿ ಏರು ಬಂದಲ್ಲಿ ಬಸ್ಸು ಉಸಿರು ಕಟ್ಟಿದ ಹಾಗೆ ನಡುಗತೊಡಗಿತು. ಡ್ರೈವರ್ ಗೇರ್ ಇಳಿಸದೆ ಎಂಜಿನ್ನನ್ನು ಕೊಲ್ಲುತ್ತಿದ್ದ. "ಗೇರ್ ಇಳಿಸಬಾರದಾ ಇವ್ನು? ಕಾಲು ಕ್ಲಚ್ ಮ್ಯಾಲೆ ಇಟ್ಕೊಂಡು ಮಲಗವ್ನೆ" ಎಂದೆ. ಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂತು. ರತ್ನ ನನ್ನ ಕಡೆ ತಿರುಗಿದಳು. "ಏನಂದ್ರಿ?" "ಗಾಡಿ ಹಾಳು ಮಾಡ್ತವ್ನೆ ನೋಡು" ಎಂದೆ ಸಿಟ್ಟಿನಿಂದ. ಅವಳ ಕಣ್ಣಿನಿಂದ ನೀರು ಬಳಬಳ ಸುರಿಯಿತು. "ಇನ್ನೂ ಬೈರಿ. ಬೈರಿ ನೀವು" ಎಂದಳು. ಚಳ್ಳಕೆರೆ ಬರುವ ತನಕ ಆ ಡ್ರೈವರನ್ನು ಮೆಲ್ಲಗೆ ಬೈಯುತ್ತಲೇ ಬಂದೆ. ಒಂದೂವರೆ ವರ್ಷದಲ್ಲಿ ನನಗೆ ಯಾವುದರ ಮೇಲೂ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬರಬೇಕಾದರೂ ಯಾವುದೋ ಒಂದು ನಮ್ಮದು ಅನ್ನಿಸಬೇಕಲ್ಲ.

ಅಲ್ಲಿಂದ ಎಲ್ಲ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಐದನೆಯ ಸಲ ಹೋದಾಗ ಬಿ.ಪಿ. ಏರಿತ್ತು. ಕೂರಿಸಿ ಮತ್ತೆ ನೋಡಿದರು, ಇಳಿಯಲಿಲ್ಲ. ಇವತ್ತು ಔಷಧ ಕೊಡುವಂತಿಲ್ಲ ಎಂದರು. ಸಿಕ್ಕ ಹಗ್ಗ ಕೈತಪ್ಪಿದ ಹಾಗಾಯಿತು. ಕಾಯುವ ಬೆಂಚಿನ ಮೇಲೆ ತಲೆ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಯಾರೋ ಬಂದು ಕೂತರು. ಎಣ್ಣೆ ಮಿಲ್ಲಿನವರು.

"ಹಲ್ಲು ಹೆಂಗೈತೆ?" ಎಂದು ಕೇಳಿದರು.

"ಒಂದೊಂದ್ ದಿನ ವಾಸಿ ಅನ್ಸುತ್ತೆ. ಇವತ್ತು ಇಲ್ಲ" ಎಂದೆ.

"ನಂದೂ ಹಂಗೇ. ಮೂರು ವರ್ಷ ಆಯ್ತು. ಕೆಟ್ಟ ದಿನ ಬಂತು ಅಂತ ಒಳ್ಳೆ ದಿನ ಸುಳ್ಳಾಗಲ್ಲ ಕಣಯ್ಯ" ಎಂದರು. ಆಮೇಲೆ ಎದ್ದು ಹೋದರು. ಡಾಕ್ಟರಮ್ಮ ಬಿ.ಪಿ.ಗೆ ಮಾತ್ರೆ ಕೊಟ್ಟರು, ಮುಂದಿನ ವಾರ ಮತ್ತೆ ಕುರ್ಚಿಗೆ ಒರಗಿದೆ.

ತಿಂಗಳು ಮುಗಿಯುವ ಹೊತ್ತಿಗೆ ಸಣ್ಣಪುಟ್ಟದ್ದು ಒಂದೊಂದೇ ವಾಪಸು ಬಂತು. ಒಂದು ಸಂಜೆ ಕಾವ್ಯ, ಶಾಲೆಯ ಮೈದಾನಕ್ಕೆ ಕತ್ತೆಯೊಂದು ನುಗ್ಗಿ ಮೇಷ್ಟ್ರು ಅದನ್ನು ಓಡಿಸಲು ಹೋದ ಕಥೆ ಹೇಳುತ್ತಿದ್ದಳು, ಅವಳ ಅಮ್ಮನಿಗೆ. ನನಗೆ ಹೇಳುವುದನ್ನು ಯಾವಾಗಲೋ ಬಿಟ್ಟಿದ್ದಳು. "ಆಮೇಲೆ ಏನಾಯ್ತು?" ಎಂದು ಈ ಕಡೆಯಿಂದ ಕೇಳಿದೆ. ಅವಳು ನಿಲ್ಲಿಸಿ ನನ್ನ ಕಡೆ ನೋಡಿದಳು. "ನೀನು ಕೇಳ್ತಾ ಇದ್ದೆಯೇನಪ್ಪ?" ಎಂದಳು. ಹೂಂ ಎಂದೆ. ಎದ್ದು ಬಂದು ನನ್ನ ಎದುರು ಕೂತು, ಕತ್ತೆಯ ಕಥೆಯನ್ನು ಮೊದಲಿನಿಂದ ಶುರು ಮಾಡಿದಳು.

ಬಸ್ಸಿನ ಮಾಲೀಕರಿಗೆ ನಿಜ ಹೇಳುವುದು ಬಾಕಿ ಇತ್ತು. ಅಷ್ಟು ದಿನ ನೂರುಲ್ಲಾ ಬೆನ್ನು ನೋವು ಎಂದು ಹೇಳಿ ತಡೆದಿದ್ದ. ಇನ್ನು ಸುಳ್ಳು ಬೇಡ ಎಂದು ನಾನೇ ಹೋದೆ. ಅವರು ಕೇಳಿಸಿಕೊಂಡರು. ಹಿರೇಹಳ್ಳಿಯ ಹತ್ತಿರ ನಡೆದದ್ದನ್ನೂ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಅವರದ್ದು ತಪ್ಪಲ್ಲ, ಅದು ಅವರ ಬಸ್ಸು, ಅದರೊಳಗೆ ಜನ. "ಡಾಕ್ಟರು ಬರ್ದು ಕೊಡೋ ತನಕ ಸ್ಟೇರಿಂಗ್ ಇಲ್ಲ. ಮೊಳಕಾಲ್ಮೂರು ಸ್ಟ್ಯಾಂಡಲ್ಲಿ ನಮ್ಮ ಬಸ್‌ಗಳ ಟೈಮ್ ನೋಡ್ಕೊ" ಎಂದರು. ಕೆಲಸ ಹೋಗಲಿಲ್ಲ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಉಸಿರು ಬಿಟ್ಟೆ. ಇದನ್ನು ಮುಚ್ಚಿಡಲು ಎಷ್ಟು ಜನರ ಜೀವವನ್ನು ಕೈಯಲ್ಲಿ ಹಿಡಿದು ಓಡಾಡಿದೆನಲ್ಲ ಎಂದು ಆಗ ಹೊಳೆಯಿತು.

ಮೊಳಕಾಲ್ಮೂರು ರತ್ನಳ ತವರು. ಅಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ನನಗೂ ಎರಡೂ ಬರುತ್ತವೆ. ಸ್ಟ್ಯಾಂಡಿನಲ್ಲಿ ಹೂವು ಮಾರುವ ಮುದುಕಿಯೊಬ್ಬಳು ದಿನಾ ಬೆಳಿಗ್ಗೆ ನನ್ನನ್ನು ನೋಡಿ, "ಏಮಪ್ಪಾ, ಬಾಗುನ್ನಾವಾ?" ಎಂದು ಚೆನ್ನಾಗಿದ್ದೀಯಾ ಎಂದು ಕೇಳುತ್ತಿದ್ದಳು. "ಬಾಗುನ್ನಾನಮ್ಮಾ" ಎಂದು ನಾನು ಅನ್ನುತ್ತಿದ್ದೆ, ಚೆನ್ನಾಗಿದ್ದೇನೆ ಎಂದು. ಎಲ್ಲರೂ ಅನ್ನುವ ಹಾಗೆ. ಬೆನ್ನ ಹಿಂದೆ "ತಲೆ ಕೆಟ್ಟಿತ್ತಂತೆ ಅವ್ನಿಗೆ" ಎಂದು ಗುಸುಗುಟ್ಟುವವರೂ ಅಲ್ಲೇ ಇದ್ದರು; ಕೇಳಿಸಿಕೊಂಡು ಮನೆಗೆ ಬಂದು ಮಂಕಾಗಿ ಕೂತ ದಿನಗಳೂ ಇವೆ. ಒಂದು ಬೆಳಿಗ್ಗೆ ಮುದುಕಿ ಕೇಳಿದಳು, ನಾನು ಎಂದಿನಂತೆ ಉತ್ತರ ಕೊಟ್ಟೆ. ನಾಲ್ಕು ಹೆಜ್ಜೆ ಹೋದ ಮೇಲೆ ನಿಂತೆ. ಹೇಳಿದ ಮಾತು ನಿಜವಾಗಿತ್ತು.

ವಾರಕ್ಕೆರಡು ಇದ್ದದ್ದು ವಾರಕ್ಕೊಂದಾಯಿತು, ಆಮೇಲೆ ಹದಿನೈದು ದಿನಕ್ಕೊಂದು. ಮಾತ್ರೆಯೂ ಜೊತೆಗೆ ನಡೆದಿದೆ; ಈಗ ಒಂದು ದಿನವೂ ಬಿಟ್ಟಿಲ್ಲ. ಏಳು ತಿಂಗಳಾದ ಮೇಲೆ, ಬಸ್ ಓಡಿಸಬಹುದು ಎಂದು ಡಾಕ್ಟರಮ್ಮ ಕಾಗದ ಬರೆದುಕೊಟ್ಟರು. ಮದ್ದು ಹಾಕಿಸಿಕೊಂಡ ದಿನ ಮತ್ತು ಮಾರನೆಯ ದಿನ ನಾನು ಸ್ಟೇರಿಂಗ್ ಮುಟ್ಟುವುದಿಲ್ಲ, ಬೇರೆ ಡ್ರೈವರ್ ಬರುತ್ತಾನೆ. ಮನಸ್ಸು ಸ್ವಲ್ಪ ಇಳಿಮುಖವಾದರೂ ರತ್ನಳಿಗೆ ಹೇಳಬೇಕು, ಇಲ್ಲವೇ ನೂರುಲ್ಲಾನಿಗೆ. ಹೇಳುತ್ತೇನೆ. ಎರಡು ಸಲ ಹೇಳಿದ್ದೇನೆ. ಎರಡು ಸಲವೂ ಅವನು ಒಂದೂ ಪ್ರಶ್ನೆ ಕೇಳದೆ ಬೇರೆ ಡ್ರೈವರನ್ನು ಕರೆಸಿದ.

ಮೊದಲು ಖಾಲಿ ಬಸ್ಸನ್ನು ತಳಕಿನ ತನಕ ಓಡಿಸಿ ನೋಡಿದೆವು. ಆಮೇಲೆ ಜನರನ್ನು ಕೂರಿಸಿಕೊಂಡು. ಮೊದಲ ದಿನ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಮೂರನೆಯ ದಿನಕ್ಕೆ ಬೆವರು ನಿಂತಿತು. ಒಂದು ವಾರಕ್ಕೆ ನೂರುಲ್ಲಾ ನನ್ನ ಪಕ್ಕ ನಿಲ್ಲುವುದನ್ನು ಬಿಟ್ಟು ಹಿಂದಕ್ಕೆ ಹೋಗಿ ಟಿಕೆಟ್ ಕೊಡತೊಡಗಿದ.

ಅದಾಗಿ ಹತ್ತು ದಿನಕ್ಕೆ, ಬೆಳಗಿನ ಟ್ರಿಪ್ಪಿಗೆ ಚಳ್ಳಕೆರೆ ಸ್ಟ್ಯಾಂಡಿನಲ್ಲಿ ಗಾಡಿ ಶುರು ಮಾಡುತ್ತಿದ್ದೆ. ಅವ್ವ ಹತ್ತಿದಳು. ಬರುತ್ತೇನೆ ಎಂದು ಹೇಳಿರಲಿಲ್ಲ. ನನ್ನ ಹಿಂದಿನ ಸೀಟಿನಲ್ಲೇ ಕೂತಳು.

"ಎಲ್ಲಿಗವ್ವಾ?" ಎಂದೆ.

"ಬಿ.ಜಿ. ಕೆರೆಗೆ. ನಮ್ಮಕ್ಕನ್ನ ನೋಡಿ ಎಷ್ಟ್ ದಿನ ಆಯ್ತು."

"ಹಿಂದೆ ಕೂತ್ಕೊ. ಇಲ್ಲಿ ಎಂಜಿನ್ ಬಿಸಿ ಹೊಡೀತೈತೆ."

"ಹೊಡೀಲಿ. ನೀನು ಮುಂದೆ ನೋಡಪ್ಪ" ಎಂದಳು.

ಅವಳು ನನ್ನ ಕೈಯನ್ನೇ ನೋಡುತ್ತಾಳೆ, ಪ್ರತಿ ತಿರುವಿಗೂ ಕಂಬಿ ಹಿಡಿಯುತ್ತಾಳೆ ಎಂದುಕೊಂಡೆ. ನೋಡಲೆಂದೇ ಬಂದಿದ್ದಾಳೆ ಎಂದೂ ಅನ್ನಿಸಿತು. ಊರು ದಾಟಿದೆ. ಎದುರಿನಿಂದ ಲಾರಿಗಳು ಬಂದವು, ಹೋದವು. ಬೆನ್ನ ಹಿಂದೆ ಸದ್ದಿಲ್ಲ. ತಳಕಿನಲ್ಲಿ ಜನ ಇಳಿಸಿ ಹೊರಡುವಾಗ ಕನ್ನಡಿಯಲ್ಲಿ ನೋಡಿದೆ. ಅವ್ವ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿತ್ತು. ನೂರುಲ್ಲಾ ಟಿಕೆಟ್ ಕೊಡಲು ಬಂದವನು ನೋಡಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಹಿಂದಕ್ಕೆ ಸರಿದ.

ಹಂಪ್ ಬಂದಲ್ಲೆಲ್ಲ ನಿಧಾನ ಮಾಡಿದೆ. ಹದಿನಾರು ವರ್ಷದಲ್ಲಿ ಆ ದಾರಿಯಲ್ಲಿ ಅಷ್ಟು ಮೆತ್ತಗೆ ನಾನು ಗಾಡಿ ಓಡಿಸಿಲ್ಲ. ಬಿ.ಜಿ. ಕೆರೆಯಲ್ಲಿ ನಿಲ್ಲಿಸಿ, "ಅವ್ವಾ, ಊರು ಬಂತು" ಎಂದೆ. ಕಣ್ಣು ಬಿಟ್ಟು ಕಿಟಕಿಯ ಹೊರಗೆ ನೋಡಿದಳು.

"ಇಷ್ಟ್ ಬೇಗ ಬಂತಾ?"

ಸೀರೆ ಸರಿಮಾಡಿಕೊಂಡು ಇಳಿದಳು. ಕೆಳಗೆ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದಳು.

"ವಾಪಸ್ ಎಷ್ಟೊತ್ತಿಗೆ ಬರ್ತೀಯ?"

"ಎರಡು ಗಂಟೆಗೆ."

"ಬಾ. ಇಲ್ಲೇ ನಿಂತಿರ್ತೀನಿ" ಎಂದಳು.